ಕೃಷಿ ಕಾಲೇಜಿನಲ್ಲಿ ಅಗ್ರಿಬಿಸಿನೆಸ್ ಪಾಠ: ರೈತನ ಪಟ್ಟಿಯಿಂದ ಶುರು ಮಾಡುವುದು ಹೇಗೆ

ಕೃಷಿ ಪದವಿಯಲ್ಲಿ ಮಾರುಕಟ್ಟೆಯ ಪಾಠವೇ ಇಲ್ಲ ಎಂಬ ದೂರು ಪೂರ್ತಿ ನಿಜವಲ್ಲ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಐದನೆಯ ಡೀನ್‌ಗಳ ಸಮಿತಿ ರೂಪಿಸಿದ ಬಿ.ಎಸ್ಸಿ. ಕೃಷಿ ಪಠ್ಯಕ್ರಮದಲ್ಲಿ ಕೃಷಿ ಅರ್ಥಶಾಸ್ತ್ರ, ಹಣಕಾಸು ಮತ್ತು ಸಹಕಾರ, ಮಾರಾಟ ಮತ್ತು ಬೆಲೆಗಳು, ಕ್ಷೇತ್ರ ನಿರ್ವಹಣೆ, ಉದ್ಯಮಶೀಲತೆ ಎಲ್ಲಕ್ಕೂ ಬೇರೆ ಬೇರೆ ಕೋರ್ಸುಗಳಿವೆ. ಬೆಂಗಳೂರು ಮತ್ತು ಧಾರವಾಡದ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಅಗ್ರಿಬಿಸಿನೆಸ್‌ಗೆಂದೇ ಎಂ.ಬಿ.ಎ. ಇದೆ. ಹೀಗಿದ್ದೂ ನಾಲ್ಕು ವರ್ಷ ಓದಿದ ವಿದ್ಯಾರ್ಥಿ ಒಂದೇ ಒಂದು ಚೀಲ ಮಾಲನ್ನು ತಾನು ನಿಂತು ಮಾರಿರುವುದಿಲ್ಲ, ಮಾರಿದವರಿಗೆ ಪೇಟೆಯಲ್ಲಿ ಸಿಗುವ ಲೆಕ್ಕದ ಚೀಟಿಯನ್ನು, ಅಂದರೆ ಪಟ್ಟಿಯನ್ನು, ಹಿಡಿದು ಕೈಗೆ ಬಂದ ಹಣ ಯಾಕೆ ಅಷ್ಟೇ ಬಂತೆಂದು ಲೆಕ್ಕ ಹಾಕಿರುವುದೂ ಇಲ್ಲ. ಕೊರತೆ ಇರುವುದು ಇಲ್ಲಿ. ಇದನ್ನು ತುಂಬಲು ಹೊಸ ವಿಷಯ, ಹೊಸ ಕಟ್ಟಡ, ಹೊಸ ಹುದ್ದೆ ಯಾವುದೂ ಮೊದಲಿಗೆ ಬೇಕಿಲ್ಲ. ಈಗಾಗಲೇ ವೇಳಾಪಟ್ಟಿಯಲ್ಲಿರುವ ಪ್ರಾಯೋಗಿಕ ಗಂಟೆಗಳನ್ನು ನಿಜವಾದ ವ್ಯವಹಾರದ ಸುತ್ತ ಮರುಜೋಡಿಸಿದರೆ ಸಾಕು. ವಿಭಾಗದ ಮುಖ್ಯಸ್ಥರು ಮತ್ತು ಅಧ್ಯಾಪಕರು ತಮ್ಮ ಅಧಿಕಾರದ ವ್ಯಾಪ್ತಿಯೊಳಗೇ ಮಾಡಬಹುದಾದ ಕೆಲಸಗಳನ್ನು ಮುಂದೆ ಕ್ರಮವಾಗಿ ವಿವರಿಸಿದೆ.

ಮೊದಲ ಹೆಜ್ಜೆ: ಕೈಯಲ್ಲಿರುವ ಗಂಟೆಗಳನ್ನು ಎಣಿಸಿ

ಸೆಮಿಸ್ಟರ್ ಶುರುವಾಗುವ ಮೊದಲು ಅರ್ಥಶಾಸ್ತ್ರ ವಿಭಾಗದ ಎಲ್ಲ ಕೋರ್ಸುಗಳ ಪ್ರಾಯೋಗಿಕ ತರಗತಿಗಳನ್ನು ಒಂದೇ ಹಾಳೆಯ ಮೇಲೆ ಬರೆದುಕೊಳ್ಳಬೇಕು. ಬೇಡಿಕೆ-ಪೂರೈಕೆಯ ರೇಖೆ ಎಳೆಯುವುದಕ್ಕೆ ಒಂದು ತರಗತಿ, ಬೆಲೆ ಸೂಚ್ಯಂಕಕ್ಕೆ ಒಂದು, ಮಾರುಕಟ್ಟೆ ಭೇಟಿಗೆ ಒಂದು, ಬ್ಯಾಂಕ್ ಭೇಟಿಗೆ ಒಂದು ಎಂದು ಅವು ಬಿಡಿಬಿಡಿಯಾಗಿ ಬಿದ್ದಿರುತ್ತವೆ. ಇದಕ್ಕೆ ಪದವಿಯ ಕೊನೆಯ ವರ್ಷದಲ್ಲಿ ಕೆಲಸ ಮಾಡುತ್ತ ಕಲಿಯುವ ಸ್ಟೂಡೆಂಟ್ ರೆಡಿ ಕಾರ್ಯಕ್ರಮದ ಅವಧಿಯನ್ನೂ ಸೇರಿಸಬೇಕು. ಐದನೆಯ ಸಮಿತಿಯ ವಿನ್ಯಾಸದಲ್ಲಿ ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆ 20 ಕ್ರೆಡಿಟ್ ಮೀಸಲಾಗಿದ್ದು, ಅದರಲ್ಲಿ ಹಳ್ಳಿಯ ವಾಸದ ಜೊತೆಗೆ ಕೃಷಿ ಉದ್ದಿಮೆಗಳಲ್ಲಿ ಕೆಲಸ ಕಲಿಯುವ ಮೂರು ವಾರಗಳೂ ಸೇರಿವೆ. ವಿದ್ಯಾರ್ಥಿಗಳೇ ಸಣ್ಣ ಘಟಕ ನಡೆಸಿ ಕಲಿಯುವ ಅನುಭವಾತ್ಮಕ ಕಲಿಕೆಗೆ ಇನ್ನೂ 20 ಕ್ರೆಡಿಟ್ ಇದೆ. ಅದರ ನಂತರ ಬಂದ ಆರನೆಯ ಸಮಿತಿಯ ಪಠ್ಯಕ್ರಮವು ಮೊದಲ ವರ್ಷಗಳಿಂದಲೇ ಕೌಶಲ್ಯಾಭಿವೃದ್ಧಿ ಕೋರ್ಸುಗಳಿಗೆ ಜಾಗ ಮಾಡಿಕೊಟ್ಟಿರುವುದರಿಂದ ಕೆಲಸ ಇನ್ನಷ್ಟು ಸುಲಭವಾಗಿದೆ. ಹೀಗೆ ಬರೆದು ನೋಡಿದಾಗ, ಸಮಯವಿಲ್ಲ ಎನ್ನುವ ಮಾತಿಗೆ ಆಧಾರ ಬಹಳ ಉಳಿಯುವುದಿಲ್ಲ.

ಎರಡನೆಯ ಹೆಜ್ಜೆ: ಒಂದು ಬೆಳೆ, ಒಂದು ಪೇಟೆ

ಎಲ್ಲ ಬೆಳೆಗಳ ಮಾರಾಟ ವ್ಯವಸ್ಥೆಯನ್ನೂ ಮೇಲುಮೇಲಕ್ಕೆ ಹೇಳುವುದಕ್ಕಿಂತ, ಕಾಲೇಜಿಗೆ ಹತ್ತಿರದ ಒಂದು ಬೆಳೆಯನ್ನು ಹೊಲದಿಂದ ಹಿಡಿದು ಕೊನೆಯ ಖರೀದಿದಾರನ ತನಕ ಬೆನ್ನತ್ತುವುದು ಹೆಚ್ಚು ಫಲ ಕೊಡುತ್ತದೆ. ಆಯ್ಕೆಯನ್ನು ಊರೇ ಮಾಡಿಕೊಡುತ್ತದೆ. ಕಲಬುರಗಿಯ ಕಾಲೇಜಿಗೆ ತೊಗರಿ, ಮಂಡ್ಯದ ವಿ.ಸಿ. ಫಾರ್ಮಿಗೆ ಆಲೆಮನೆಯ ಬೆಲ್ಲ, ಮೂಡಿಗೆರೆಗೆ ಕಾಫಿ ಮತ್ತು ಕಾಳುಮೆಣಸು, ಹಾಸನಕ್ಕೆ ಆಲೂಗಡ್ಡೆ ಇಲ್ಲವೇ ಅರಸೀಕೆರೆಯ ಕೊಬ್ಬರಿ. ಶಿರಸಿಯಲ್ಲಿ 1923ರಲ್ಲಿ ಸ್ಥಾಪನೆಯಾದ ತೋಟಗಾರರ ಸಹಕಾರಿ ಮಾರಾಟ ಸಂಘವೇ ಎದುರಿಗಿರುವಾಗ ಅಡಿಕೆಯ ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು ಎಂಬ ಬಗೆಗಳನ್ನು ಬಿಟ್ಟು ಬೇರೆ ಉದಾಹರಣೆ ಹುಡುಕುವುದರಲ್ಲಿ ಅರ್ಥವಿಲ್ಲ. ವಿಜಯಪುರದ ಒಣದ್ರಾಕ್ಷಿಯನ್ನು ಆರಿಸಿಕೊಂಡರೆ ವಿದ್ಯಾರ್ಥಿಗಳು ಮಹಾರಾಷ್ಟ್ರದ ತಾಸಗಾಂವ್, ಸಾಂಗ್ಲಿ ಪೇಟೆಗಳ ತನಕ ಹೋಗಬೇಕಾಗುತ್ತದೆ. ಹೋಗಲಿ, ಬೆಳೆಗಾರರು ಅಲ್ಲಿಗೆ ಯಾಕೆ ಹೋಗುತ್ತಾರೆಂಬುದೇ ಒಳ್ಳೆಯ ಪಾಠ.

ಈ ಲೇಖನದ ಉಳಿದ ಉದಾಹರಣೆಗಳಿಗೆ ಬ್ಯಾಡಗಿ ಮೆಣಸಿನಕಾಯಿಯನ್ನು ಇಟ್ಟುಕೊಳ್ಳೋಣ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಹನುಮನಮಟ್ಟಿ ಕಾಲೇಜು ಪಕ್ಕದ ತಾಲ್ಲೂಕಿನಲ್ಲೇ ಇದೆ. 2011ರಲ್ಲಿ ಭೌಗೋಳಿಕ ಸೂಚಕ (ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ಜಿಐ ಗುರುತು) ಪಡೆದ ಈ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಹಾಗಾಗಿ ಅಡುಗೆಮನೆಯಷ್ಟೇ ದೊಡ್ಡ ಗಿರಾಕಿ ಕಾಯಿಯಿಂದ ಬಣ್ಣದ ಸಾರವನ್ನು, ಅಂದರೆ ಓಲಿಯೋರೆಸಿನ್ ತೆಗೆಯುವ ಕಾರ್ಖಾನೆ. ಡಬ್ಬಿ ಮತ್ತು ಕಡ್ಡಿ ತಳಿಗಳ ದರದ ಅಂತರ, ಬಣ್ಣದ ಅಳತೆ, ತೇವಾಂಶ, ಶೀತಲಗೃಹ, ಬಳ್ಳಾರಿ-ರಾಯಚೂರು-ಕರ್ನೂಲು ಕಡೆಯಿಂದ ಬರುವ ಲಾರಿಗಳು, ಇವೆಲ್ಲ ಒಂದೇ ಅಂಗಳದಲ್ಲಿ ಕಾಣಸಿಗುತ್ತವೆ. ಬ್ಯಾಡಗಿಯ ಹೆಸರಿನ ಮಾಲಿನ ಬಹುಪಾಲು ಬ್ಯಾಡಗಿಯ ಸುತ್ತ ಬೆಳೆದದ್ದಲ್ಲ ಎಂಬ ಸಂಗತಿ ಒಂದೇ ಸಾಕು, ಭೌಗೋಳಿಕ ಸೂಚಕದ ಲಾಭ ಯಾರಿಗೆ ಸಲ್ಲುತ್ತದೆಂಬ ಚರ್ಚೆಗೆ.

ಮೂರನೆಯ ಹೆಜ್ಜೆ: ಮೊದಲು ಅಧ್ಯಾಪಕರು ಪೇಟೆಗೆ ಹೋಗಲಿ

ಮಾರುಕಟ್ಟೆ ಭೇಟಿಯೆಂದರೆ ಬಸ್ಸಿನಲ್ಲಿ ಅರವತ್ತು ಮಂದಿ ಹೋಗಿ, ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ (ಎಪಿಎಂಸಿ) ಕಾರ್ಯದರ್ಶಿಗಳ ಭಾಷಣ ಕೇಳಿ, ಹರಾಜು ಮುಗಿದ ಮೇಲೆ ಖಾಲಿ ಕಟ್ಟೆ ನೋಡಿ ಮರಳುವುದು ಎಂಬಂತಾಗಿದೆ. ಇದು ತಪ್ಪಬೇಕಾದರೆ ಕೋರ್ಸ್ ನಡೆಸುವ ಅಧ್ಯಾಪಕರು ಹಂಗಾಮಿನಲ್ಲಿ ಕನಿಷ್ಠ ಕೆಲವು ಪೇಟೆ ದಿನಗಳನ್ನು ಬೆಳಗಿನಿಂದ ಸಂಜೆಯ ತನಕ ಅಲ್ಲಿಯೇ ಕಳೆಯಬೇಕು. ಬ್ಯಾಡಗಿಯಲ್ಲಿ ಸೋಮವಾರ ಮತ್ತು ಗುರುವಾರ ಪೇಟೆ. ಗೇಟಿನಲ್ಲಿ ಲಾಟ್ ನಂಬರ್ ಬೀಳುವುದು, ದಲಾಲರ ಅಂಗಡಿಯ ಮುಂದೆ ಚೀಲ ಸುರಿಯುವುದು, ಖರೀದಿದಾರರು ಕಾಯಿ ಮುರಿದು ನೋಡಿ ದರ ನಮೂದಿಸುವುದು, ಟೆಂಡರ್ ತೆರೆದ ಮೇಲೆ ರೈತ ದರ ಒಪ್ಪುವುದು ಅಥವಾ ಬೇಡವೆನ್ನುವುದು, ತೂಕ, ಹಮಾಲಿ, ಪಾವತಿ. ಇಡೀ ಸರಪಳಿಯನ್ನು ಕಣ್ಣಾರೆ ಕಂಡವರು ಮಾತ್ರ ಅದನ್ನು ಪ್ರಶ್ನೆಗಳಾಗಿ ಒಡೆದು ವಿದ್ಯಾರ್ಥಿಗಳ ಕೈಗೆ ಕೊಡಬಲ್ಲರು. ಕೃಷಿ ವಿಸ್ತರಣಾ ನಿರ್ವಹಣೆಯ ತರಬೇತಿ ನೀಡುವ ಹೈದರಾಬಾದಿನ ಮ್ಯಾನೇಜ್‌ನಂಥ ಸಂಸ್ಥೆಗಳ ತರಬೇತಿಗೆ ಹೋಗುವುದೂ ಒಳ್ಳೆಯದೇ, ಆದರೆ ಅದು ಪೇಟೆಯ ಬದಲಿಗಲ್ಲ.

ಇಬ್ಬರು ದಲಾಲರು, ಒಬ್ಬ ಖರೀದಿದಾರರು, ಒಬ್ಬ ಹಮಾಲರ ಮುಖಂಡರು, ಶೀತಲಗೃಹದ ಒಬ್ಬ ವ್ಯವಸ್ಥಾಪಕರು, ಇಷ್ಟು ಜನರೊಂದಿಗೆ ಮುಂಚಿತವಾಗಿ ಮಾತಾಡಿ, ವಿದ್ಯಾರ್ಥಿಗಳು ಐದೈದು ಜನರ ಗುಂಪಾಗಿ ಬೇರೆ ಬೇರೆ ದಿನ ಬರುತ್ತಾರೆಂದು ತಿಳಿಸಬೇಕು. ಸಣ್ಣ ಗುಂಪಾದರೆ ಪೇಟೆಯವರು ಮನಸ್ಸು ಬಿಚ್ಚಿ ಮಾತಾಡುತ್ತಾರೆ. ದಲಾಲರನ್ನು ಪಾಠದ ಖಳನಾಯಕರನ್ನಾಗಿ ಮೊದಲೇ ತೀರ್ಮಾನಿಸಿಕೊಂಡು ಹೋದರೆ ಯಾವ ಮಾಹಿತಿಯೂ ಸಿಗದು, ಸಿಕ್ಕಿದ್ದೂ ಅರ್ಥವಾಗದು.

ನಾಲ್ಕನೆಯ ಹೆಜ್ಜೆ: ಪಟ್ಟಿಯನ್ನು ಓದಲು ಕಲಿಸಿ

ಮಾಲು ಮಾರಿದ ರೈತನಿಗೆ ಸಿಗುವ ಲೆಕ್ಕ ತಿರುವಳಿ ಪಟ್ಟಿಯೇ ಈ ಕೋರ್ಸಿನ ಮೂಲ ಪಠ್ಯವಾಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಅದರಲ್ಲಿ ಚೀಲಗಳ ಸಂಖ್ಯೆ, ತೂಕ, ದರ, ಕಡಿತಗಳು, ಕೈಗೆ ಬಂದ ಮೊತ್ತ ಎಲ್ಲವೂ ಇರುತ್ತದೆ. ಕೃಷಿಕರ ಕೋಟಾದಲ್ಲಿ ಸೇರಿದ ವಿದ್ಯಾರ್ಥಿಗಳ ಮನೆಯಲ್ಲಿ ಇಂಥ ಪಟ್ಟಿಗಳು ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದ್ದು ಇದ್ದೇ ಇರುತ್ತವೆ. ತಂದೆತಾಯಿಯ ಒಪ್ಪಿಗೆ ಪಡೆದು, ಹೆಸರು ಮತ್ತು ಖಾತೆ ಸಂಖ್ಯೆಯನ್ನು ಮುಚ್ಚಿ, ಪ್ರತಿಗಳನ್ನು ತರಲು ಹೇಳಬೇಕು. ಒಂದು ಬ್ಯಾಚಿನಿಂದ ಬರುವ ಪಟ್ಟಿಗಳಲ್ಲಿ ಹತ್ತಾರು ಬೆಳೆ, ಹತ್ತಾರು ಪೇಟೆ ಕೂಡಿರುತ್ತವೆ.

ಮುಂದಿನ ಕೆಲಸ ಹೋಲಿಕೆ. ಕೃಷಿ ಮಾರಾಟ ವಾಹಿನಿ ಮತ್ತು ಅಗ್‌ಮಾರ್ಕ್‌ನೆಟ್ ಜಾಲತಾಣಗಳಲ್ಲಿ ಆಯಾ ದಿನದ ಆವಕ (ಪೇಟೆಗೆ ಬಂದ ಮಾಲು), ಕನಿಷ್ಠ, ಗರಿಷ್ಠ ಮತ್ತು ಮಾದರಿ ಧಾರಣೆ (ಹೆಚ್ಚಿನ ಮಾಲು ಮಾರಾಟವಾದ ದರ) ಸಿಗುತ್ತದೆ. ಪಟ್ಟಿಯ ದರ ಅದಕ್ಕಿಂತ ಎಷ್ಟು ಮೇಲೆ ಅಥವಾ ಕೆಳಗಿದೆ, ಯಾಕೆ ಎಂದು ವಿದ್ಯಾರ್ಥಿ ಕಾರಣ ಹುಡುಕಲಿ: ತೇವವೇ, ತಳಿಯೇ, ಬಣ್ಣವೇ, ಆ ದಿನದ ಆವಕವೇ? ಕಡಿತಗಳ ಸಾಲಿಗೆ ಬಂದಾಗ ಪಾಠ ಇನ್ನೂ ಬಿಗಿಯಾಗುತ್ತದೆ. ಕರ್ನಾಟಕದ ಎಪಿಎಂಸಿ ನಿಯಮದಂತೆ ಕಮಿಷನ್ ಕೊಡಬೇಕಾದವರು ಖರೀದಿದಾರರು, ಮಾರುವ ರೈತರಲ್ಲ. ಆದರೂ ಕೆಲವೆಡೆ ದಾಖಲೆಗೆ ಸೇರದ ಬಿಳಿ ಚೀಟಿಯಲ್ಲಿ ಅದನ್ನು ರೈತನ ಲೆಕ್ಕದಿಂದಲೇ ಹಿಡಿಯುತ್ತಾರೆ. ಅಧಿಕೃತ ಪಟ್ಟಿಗೂ ಬಿಳಿ ಚೀಟಿಗೂ ಇರುವ ವ್ಯತ್ಯಾಸವನ್ನು ಪದವೀಧರ ಗುರುತಿಸಲಾರದಿದ್ದರೆ ಹಳ್ಳಿಯಲ್ಲಿ ಅವನ ಮಾತನ್ನು ಕೇಳುವವರಾರು? ಇನ್ನೊಂದು ಸಾಲನ್ನೂ ತಪ್ಪದೆ ನೋಡಬೇಕು, ಅದು ಮುಂಗಡದ ಕಡಿತ. ಬಿತ್ತನೆಯ ಹೊತ್ತಿಗೆ ದಲಾಲರಿಂದ ಪಡೆದ ಹಣವೇ ರೈತ ಅದೇ ಅಂಗಡಿಗೆ ಮಾಲು ಹಾಕಲು ಕಾರಣ. ಆ ಸಾಲವನ್ನು ಕಾಣದೆ ಆನ್‌ಲೈನ್ ಟೆಂಡರಿನ ಸ್ಪರ್ಧೆಯ ಬಗ್ಗೆ ಎಷ್ಟು ಹೇಳಿದರೂ ಅದು ಅರ್ಧ ಸತ್ಯ.

ಐದನೆಯ ಹೆಜ್ಜೆ: ಇವತ್ತು ಮಾರಬೇಕೋ, ಇಡಬೇಕೋ?

ವೆಚ್ಚದ ಪಾಠವನ್ನು ಸೂತ್ರಗಳಿಂದಲ್ಲ, ನಿರ್ಧಾರದಿಂದ ಆರಂಭಿಸಬೇಕು. ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳೋಣ: ಇವತ್ತಿನ ದರ ಕ್ವಿಂಟಲಿಗೆ 30,000 ರೂಪಾಯಿ. ನಾಲ್ಕು ತಿಂಗಳು ಶೀತಲಗೃಹದಲ್ಲಿ ಇಟ್ಟರೆ ಬಾಡಿಗೆ 400, ಸಾಗಣೆ ಮತ್ತು ಹಮಾಲಿ 150, ತೂಕದಲ್ಲಿ ಶೇ 2ರಷ್ಟು ಇಳಿಕೆ, ಕಟ್ಟಿಕೊಂಡ ಹಣಕ್ಕೆ ವರ್ಷಕ್ಕೆ ಶೇ 12ರ ಬಡ್ಡಿ, ಅಂದರೆ ನಾಲ್ಕು ತಿಂಗಳಿಗೆ 1,200. ಇವತ್ತಿನ 30,000 ಜೊತೆಗೆ ಈ ಖರ್ಚು 1,750 ಸೇರಿ 31,750. ಅದು ಉಳಿದ 98 ಕಿಲೋದಿಂದ ಬರಬೇಕು. ಹಾಗಾದರೆ ನಾಲ್ಕು ತಿಂಗಳ ಬಳಿಕ ಕ್ವಿಂಟಲಿಗೆ ಸುಮಾರು 32,400 ಸಿಕ್ಕರೆ ಮಾತ್ರ ಸರಿಸಮ. ಇಷ್ಟಾದ ಮೇಲೆ ವಿದ್ಯಾರ್ಥಿಗಳು ಕಳೆದ ಹತ್ತು ವರ್ಷಗಳ ಧಾರಣೆ ತೆಗೆದು, ಮಾರ್ಚಿನಿಂದ ಜುಲೈಗೆ ದರ ಶೇ 8ಕ್ಕಿಂತ ಹೆಚ್ಚು ಏರಿದ ವರ್ಷಗಳೆಷ್ಟು, ಇಳಿದವೆಷ್ಟು ಎಂದು ನೋಡಲಿ. ಗೋದಾಮಿನ ನೋಂದಾಯಿತ ವಿದ್ಯುನ್ಮಾನ ರಸೀದಿಯ ಮೇಲೆ ಬ್ಯಾಂಕಿನಿಂದ ಅಡಮಾನ ಸಾಲ ಪಡೆದರೆ ಬಡ್ಡಿಯ ಸಾಲು ಹೇಗೆ ಬದಲಾಗುತ್ತದೆಂದು ಮತ್ತೊಮ್ಮೆ ಲೆಕ್ಕ ಹಾಕಲಿ. ಶೀತಲಗೃಹದ ಬಾಡಿಗೆ, ಬಡ್ಡಿ ದರ ಇತ್ಯಾದಿ ಅಂಕಿಗಳನ್ನು ಅವರೇ ಪೇಟೆಯಿಂದ ತಂದು ತುಂಬಬೇಕು. ಅಧ್ಯಾಪಕರು ಕೊಟ್ಟ ಅಂಕಿಯಿಂದ ಮಾಡಿದ ಲೆಕ್ಕಕ್ಕೆ ಅಂಕ ಅರ್ಧ ಮಾತ್ರ.

ಉತ್ಪಾದನಾ ವೆಚ್ಚಕ್ಕೂ ಇದೇ ಕ್ರಮ. ಕೃಷಿ ವೆಚ್ಚ ಮತ್ತು ಬೆಲೆ ಆಯೋಗ ಬಳಸುವ ಎ2, ಎ2+ಎಫ್‌ಎಲ್, ಸಿ2 ಎಂಬ ಮೂರು ಅಳತೆಗಳಲ್ಲಿ ಮೊದಲನೆಯದು ರೈತ ಕೈಯಿಂದ ಕೊಟ್ಟ ಖರ್ಚು, ಎರಡನೆಯದು ಅದಕ್ಕೆ ಮನೆಯವರ ದುಡಿಮೆಯ ಕೂಲಿ ಸೇರಿಸಿದ್ದು, ಮೂರನೆಯದು ಸ್ವಂತ ಜಮೀನಿನ ಗೇಣಿ ಮತ್ತು ಬಂಡವಾಳದ ಬಡ್ಡಿಯನ್ನೂ ಕೂಡಿಸಿದ್ದು. ಕೇಂದ್ರ ಸರ್ಕಾರ ಬೆಂಬಲ ಬೆಲೆಯನ್ನು ವೆಚ್ಚದ ಒಂದೂವರೆ ಪಟ್ಟು ಎನ್ನುವುದು ಎರಡನೆಯ ಅಳತೆಯ ಮೇಲೆ, ರೈತ ಸಂಘಟನೆಗಳು ಕೇಳುವುದು ಮೂರನೆಯದರ ಮೇಲೆ. ವಿದ್ಯಾರ್ಥಿ ತನ್ನ ಮನೆಯ ಒಂದು ಎಕರೆಗೆ ಮೂರನ್ನೂ ಲೆಕ್ಕ ಹಾಕಿದರೆ, ಅವ್ವನ ಮತ್ತು ಅಜ್ಜನ ದುಡಿಮೆಗೆ ಮನೆಯ ಲೆಕ್ಕದಲ್ಲಿ ಬೆಲೆಯೇ ಇರಲಿಲ್ಲವೆಂಬುದು ತಾನಾಗಿಯೇ ಎದುರಿಗೆ ಬರುತ್ತದೆ. ಮೆಣಸಿನಕಾಯಿಗೆ ಬೆಂಬಲ ಬೆಲೆಯ ಆಸರೆಯೇ ಇಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು.

ಆರನೆಯ ಹೆಜ್ಜೆ: ನಮ್ಮದೇ ಪ್ರಕರಣಗಳನ್ನು ಬರೆಯಿರಿ

ಆಡಳಿತ ಶಿಕ್ಷಣದಲ್ಲಿ ಪ್ರಕರಣ ಆಧಾರಿತ ಬೋಧನೆ, ಅಂದರೆ ನಿಜವಾಗಿ ನಡೆದ ಸಂಗತಿಯೊಂದನ್ನು ಮುಂದಿಟ್ಟು ಚರ್ಚಿಸುವುದು, ಹಳೆಯ ಪದ್ಧತಿ, ಆದರೆ ನಮ್ಮ ತರಗತಿಗಳಲ್ಲಿ ಚರ್ಚೆಯಾಗುವ ಪ್ರಕರಣಗಳು ಹೆಚ್ಚಾಗಿ ಬೇರೆಡೆಯವು. ಇಲ್ಲಿಯವೇ ಸಾಕಷ್ಟಿವೆ. 2024ರ ಮಾರ್ಚ್ 11ರಂದು ದರ ಕುಸಿದಾಗ ಬ್ಯಾಡಗಿಯಲ್ಲಿ ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳು ಬೆಂಕಿಗೆ ಆಹುತಿಯಾದವು. ಹಿಂದಿನ ವಾರಗಳ ಆವಕ ಎಷ್ಟಿತ್ತು, ಶೀತಲಗೃಹಗಳಲ್ಲಿ ಹಳೆಯ ದಾಸ್ತಾನು ಎಷ್ಟಿತ್ತು, ರೈತರಿಗೆ ಯಾವ ಮಾಹಿತಿ ಯಾವಾಗ ತಲುಪಿತು, ಸಮಿತಿಯ ಕಾರ್ಯದರ್ಶಿಯ ಕುರ್ಚಿಯಲ್ಲಿ ನೀವಿದ್ದಿದ್ದರೆ ಹಿಂದಿನ ದಿನ ಏನು ಮಾಡುತ್ತಿದ್ದಿರಿ ಎಂದು ಕೇಳುತ್ತ ಹೋದರೆ ಎರಡು ತರಗತಿಗಳು ಸಾಲವು. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕಿಲೋ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿದ್ದು ಮತ್ತೊಂದು ಪ್ರಕರಣ. ದರ ಬಿದ್ದಾಗ ರಸ್ತೆಗೆ ಸುರಿಯುವ ಅದೇ ಹಣ್ಣು ಹಾಗೆ ಏರಿದ್ದೇಕೆ, ಆ ಏರಿಕೆಯನ್ನು ನಂಬಿ ಮುಂದಿನ ಹಂಗಾಮಿಗೆ ನಾಟಿ ಮಾಡಿದವರ ಪಾಡೇನು? 1973ರಲ್ಲಿ ಮಂಗಳೂರಿನಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿದ್ದು, ಅದು ಮುಂದೆ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ಕಟ್ಟಿದ್ದು ಮೂರನೆಯದು.

ಪ್ರಕರಣ ನಾಲ್ಕೈದು ಪುಟ ಮೀರಬಾರದು, ನಿರ್ಧಾರ ತೆಗೆದುಕೊಳ್ಳಬೇಕಾದ ಒಬ್ಬ ವ್ಯಕ್ತಿ ಅದರಲ್ಲಿರಬೇಕು, ಅಂಕಿಗಳು ಅಧಿಕೃತ ಮೂಲದವಾಗಿರಬೇಕು. ಅದನ್ನು ಕನ್ನಡದಲ್ಲೂ ಬರೆಯಬೇಕೆಂದು ನಾನು ಒತ್ತಿ ಹೇಳುತ್ತೇನೆ. ಪರೀಕ್ಷೆ ಇಂಗ್ಲಿಷಿನಲ್ಲಿದ್ದರೂ ಈ ಪದವೀಧರರ ವ್ಯವಹಾರವೆಲ್ಲ ನಡೆಯುವುದು ಪೇಟೆಯ ಭಾಷೆಯಲ್ಲಿ.

ಏಳನೆಯ ಹೆಜ್ಜೆ: ಕ್ಯಾಂಪಸ್ ಉದ್ಯಮಕ್ಕೆ ನಿಜವಾದ ಹಣ

ಅನುಭವಾತ್ಮಕ ಕಲಿಕೆಯ ಹೆಸರಿನಲ್ಲಿ ಅಣಬೆ, ಎರೆಗೊಬ್ಬರ, ನರ್ಸರಿ, ಬೇಕರಿ ಘಟಕಗಳು ಅನೇಕ ಕಾಲೇಜುಗಳಲ್ಲಿ ನಡೆಯುತ್ತಿವೆ. ಅಣಬೆ ಬೆಳೆಯುವುದನ್ನು ವಿದ್ಯಾರ್ಥಿಗಳು ಚೆನ್ನಾಗಿಯೇ ಕಲಿಯುತ್ತಾರೆ. ಆದರೆ ಕೊಠಡಿಗೆ ಬಾಡಿಗೆ ಇಲ್ಲ, ಕರೆಂಟಿಗೆ ಬಿಲ್ ಇಲ್ಲ, ದುಡಿಮೆಗೆ ಕೂಲಿ ಇಲ್ಲ, ಗಿರಾಕಿಗಳೆಲ್ಲ ಸಿಬ್ಬಂದಿ. ಕೊನೆಗೆ ವರದಿಯಲ್ಲಿ ಕಾಣುವ ಲಾಭ ಹೊರಗಿನ ಯಾವ ಉದ್ಯಮಿಯ ಕೈಗೂ ಸಿಗದ ಲಾಭ. ಇದನ್ನು ಸರಿಪಡಿಸಲು ನಾಲ್ಕು ನಿಯಮ ಸಾಕು.

ಬಂಡವಾಳವನ್ನು ಗುಂಪಿಗೆ ಸಾಲವಾಗಿಯೇ ಕೊಡಬೇಕು, ಬಡ್ಡಿ ಮತ್ತು ಕಂತುಗಳನ್ನು ಬರೆದ ಒಪ್ಪಂದದೊಂದಿಗೆ. ಬಾಡಿಗೆ, ವಿದ್ಯುತ್, ಕೂಲಿಯನ್ನು ಸ್ಥಳೀಯ ದರದಲ್ಲಿ ಪುಸ್ತಕಕ್ಕೆ ಹಾಕಬೇಕು. ಕನಿಷ್ಠ ಅರ್ಧ ಮಾಲು ಕ್ಯಾಂಪಸ್ಸಿನ ಹೊರಗೆ, ಅಂಗಡಿಗೋ ಹೋಟೆಲಿಗೋ ಹೋಗಬೇಕು. ನವೆಂಬರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ನಡೆಯುವ ಕೃಷಿ ಮೇಳದಲ್ಲೋ ಧಾರವಾಡದ ಮೇಳದಲ್ಲೋ ಒಂದೇ ದಿನ ಖಾಲಿಯಾದದ್ದನ್ನು ಲೆಕ್ಕಕ್ಕೆ ಹಿಡಿಯಬಾರದು, ಯಾಕೆಂದರೆ ಜಾತ್ರೆಯ ಗಿರಾಕಿ ಮರಳಿ ಬರುವುದಿಲ್ಲ. ನಾಲ್ಕನೆಯದಾಗಿ, ಲಾಭದಲ್ಲಿ ವಿದ್ಯಾರ್ಥಿಗಳ ಪಾಲೆಷ್ಟು, ನಷ್ಟವಾದರೆ ಯಾರು ಹೊರುತ್ತಾರೆ ಎಂಬುದನ್ನು ಆರಂಭದಲ್ಲೇ ಬರೆದಿಡಬೇಕು. ನಷ್ಟವನ್ನು ಅವರ ಜೇಬಿಗೆ ಹಾಕಬಾರದು, ಆದರೆ ನಷ್ಟದ ಕಾರಣವನ್ನು ಪ್ರಾಮಾಣಿಕವಾಗಿ ಬಿಡಿಸಿದ ಗುಂಪಿಗೆ, ಕಾರಣ ತಿಳಿಯದೆ ಲಾಭ ಮಾಡಿದ ಗುಂಪಿಗಿಂತ ಕಡಿಮೆ ಅಂಕವನ್ನೂ ಕೊಡಬಾರದು.

ಇಲ್ಲಿ ತೊಡಕು ಬರುವುದು ಲೆಕ್ಕಪತ್ರ ಶಾಖೆಯಲ್ಲಿ. ಮಾರಾಟದ ಹಣ ಸಾಮಾನ್ಯವಾಗಿ ವಿಶ್ವವಿದ್ಯಾಲಯದ ಖಾತೆಗೆ ಜಮೆಯಾಗಿಬಿಡುತ್ತದೆ, ಮುಂದಿನ ಸುತ್ತಿನ ಕಚ್ಚಾ ಮಾಲಿಗೆ ಮತ್ತೆ ಟಿಪ್ಪಣಿ, ಮತ್ತೆ ಮಂಜೂರಾತಿ. ಮಾರಾಟದ ಹಣವೇ ಮುಂದಿನ ಸುತ್ತಿಗೆ ಬಂಡವಾಳವಾಗುವ ಆವರ್ತ ನಿಧಿಯೊಂದನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ನಡೆಸಲು ಆಡಳಿತದ ಅನುಮತಿಯನ್ನು ಒಂದು ಸೆಮಿಸ್ಟರ್ ಮೊದಲೇ ಪಡೆಯದಿದ್ದರೆ ಉಳಿದದ್ದೆಲ್ಲ ಕಾಗದದಲ್ಲೇ ಉಳಿಯುತ್ತದೆ. ತಿನ್ನುವ ಪದಾರ್ಥವಾದರೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ, ಪೊಟ್ಟಣದ ಮೇಲೆ ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಿಕೆಯ ದಿನಾಂಕ, ವಿಳಾಸ ಇವನ್ನೆಲ್ಲ ವಿದ್ಯಾರ್ಥಿಗಳಿಂದಲೇ ಮಾಡಿಸಬೇಕು.

ಎಂಟನೆಯ ಹೆಜ್ಜೆ: ಒಂದು ರೈತ ಉತ್ಪಾದಕ ಕಂಪನಿಯ ಜೊತೆ ಒಂದು ವರ್ಷ

2020ರ ಫೆಬ್ರುವರಿ 29ರಂದು ಚಾಲನೆ ಪಡೆದ, ರೈತರೇ ಸದಸ್ಯರಾಗಿ ನಡೆಸುವ 10,000 ರೈತ ಉತ್ಪಾದಕ ಸಂಸ್ಥೆಗಳ ಯೋಜನೆಯಲ್ಲಿ ಬಯಲು ಪ್ರದೇಶದ ಸಂಸ್ಥೆಗೆ ಕನಿಷ್ಠ 300 ಸದಸ್ಯರಿರಬೇಕು. ಕಚೇರಿ ಮತ್ತು ಸಿಬ್ಬಂದಿಯ ಖರ್ಚಿಗೆ ಮೂರು ವರ್ಷಗಳಲ್ಲಿ 18 ಲಕ್ಷ ರೂಪಾಯಿಯ ತನಕ ನೆರವಿದೆ. ನೆರವು ನಿಂತ ಮೇಲೆ ವ್ಯವಸ್ಥಾಪಕರ ಸಂಬಳವನ್ನು ವ್ಯಾಪಾರದಿಂದಲೇ ಹುಟ್ಟಿಸಬೇಕು, ಬಹಳಷ್ಟು ಸಂಸ್ಥೆಗಳು ಎಡವುವುದು ಅಲ್ಲಿಯೇ. ಕಾಲೇಜಿನ ಸುತ್ತಲಿನ ಒಂದು ಸಂಸ್ಥೆಯನ್ನು ಆರಿಸಿ, ಗೊಬ್ಬರ-ಬೀಜದ ದಾಸ್ತಾನು, ಸದಸ್ಯರ ಬಾಕಿ, ಖರೀದಿಗೆ ಬೇಕಾದ ದುಡಿಯುವ ಬಂಡವಾಳ, ವಾರ್ಷಿಕ ಸಭೆಯ ತಯಾರಿ ಇವುಗಳಲ್ಲಿ ಗ್ರಾಮೀಣ ಕಾರ್ಯಾನುಭವದ ಗುಂಪನ್ನು ತೊಡಗಿಸಬಹುದು. ಗುಂಪು ಬಿಡಿಸಬೇಕಾದ ಪ್ರಶ್ನೆ ಒಂದೇ: ಈ ಕಂಪನಿ ವರ್ಷಕ್ಕೆ ಎಷ್ಟು ಕ್ವಿಂಟಲ್ ವ್ಯವಹಾರ ಮಾಡಿದರೆ ತನ್ನ ಖರ್ಚನ್ನು ತಾನೇ ಹೊತ್ತೀತು? ವಿದ್ಯಾರ್ಥಿಗಳನ್ನು ಬಿಟ್ಟಿ ಡೇಟಾ ಎಂಟ್ರಿ ಕೆಲಸಕ್ಕೆ ಬಳಸದಂತೆ ಅಧ್ಯಾಪಕರು ಕಣ್ಣಿಟ್ಟಿರಬೇಕು.

ಒಂಬತ್ತನೆಯ ಹೆಜ್ಜೆ: ಪರೀಕ್ಷೆಯನ್ನು ಬದಲಿಸಿ

ಪ್ರಶ್ನೆಪತ್ರಿಕೆ ಬದಲಾಗದೆ ಮೇಲಿನ ಯಾವುದೂ ನಿಲ್ಲುವುದಿಲ್ಲ. ವಿದ್ಯಾರ್ಥಿ ಹಳೆಯ ಪ್ರಶ್ನೆಪತ್ರಿಕೆಗಳನ್ನೇ ನಂಬುತ್ತಾನೆ, ಅದು ಅವನ ತಪ್ಪಲ್ಲ. ಮಾರುಕಟ್ಟೆಯ ಕಾರ್ಯಗಳನ್ನು ಪಟ್ಟಿ ಮಾಡಿ ಎನ್ನುವ ಬದಲು, ಒಂದು ನಿಜವಾದ ಪಟ್ಟಿಯ ಪ್ರತಿಯನ್ನು ಮುದ್ರಿಸಿ, ಅಂದಿನ ಧಾರಣೆಯನ್ನೂ ಕೊಟ್ಟು, ಕಡಿತಗಳಲ್ಲಿ ನಿಯಮಬಾಹಿರವಾದದ್ದು ಯಾವುದು, ರೈತನ ಕೈಗೆ ಬರಬೇಕಿದ್ದ ಮೊತ್ತ ಎಷ್ಟು ಎಂದು ಕೇಳಬಹುದು. ಪ್ರಾಯೋಗಿಕ ಪರೀಕ್ಷೆಯ ಮೌಖಿಕಕ್ಕೆ ಅಧ್ಯಾಪಕರ ಜೊತೆ ಒಬ್ಬ ಬ್ಯಾಂಕ್ ಅಧಿಕಾರಿ ಅಥವಾ ಪೇಟೆಯ ಅನುಭವಿಯನ್ನು ಕೂರಿಸಲು ನಿಯಮದ ಅಡ್ಡಿ ಇದ್ದರೆ, ಕನಿಷ್ಠ ಅಣಕು ಮೌಖಿಕವನ್ನಾದರೂ ಅವರಿಂದ ನಡೆಸಬಹುದು.

ಹತ್ತನೆಯ ಹೆಜ್ಜೆ: ಯೋಜನೆಗಳನ್ನು ಸಾಲದ ಅರ್ಜಿಯಾಗಿ ಕಲಿಸಿ

2002ರಿಂದ ನಡೆಯುತ್ತಿರುವ ಕೃಷಿ ಚಿಕಿತ್ಸಾಲಯ ಮತ್ತು ಕೃಷಿ ವ್ಯವಹಾರ ಕೇಂದ್ರ ಯೋಜನೆಯಲ್ಲಿ ಕೃಷಿ ಪದವೀಧರರಿಗೆ 45 ದಿನಗಳ ಉಚಿತ ತರಬೇತಿಯೂ, 20 ಲಕ್ಷದ ತನಕದ ವೈಯಕ್ತಿಕ ಯೋಜನೆಗೆ ಶೇ 36ರ, ಮಹಿಳೆಯರು ಮತ್ತು ಪರಿಶಿಷ್ಟರಿಗೆ ಶೇ 44ರ ಸಹಾಯಧನವೂ ಇದೆ. ಕಿರು ಆಹಾರ ಸಂಸ್ಕರಣಾ ಘಟಕಗಳ ಯೋಜನೆಯಲ್ಲಿ ಕೇಂದ್ರದ ಶೇ 35ರ ಜೊತೆಗೆ ಕರ್ನಾಟಕ ಶೇ 15 ಸೇರಿಸಿ ಒಟ್ಟು 15 ಲಕ್ಷದ ತನಕ ನೆರವು ಘೋಷಿಸಿದ್ದು, ರಾಜ್ಯ ಸರ್ಕಾರದ ಕೆಪೆಕ್ ಅದನ್ನು ನಡೆಸುವ ನೋಡಲ್ ಸಂಸ್ಥೆ. ಇಂಥ ಶೇಕಡಾವಾರುಗಳು ಬದಲಾಗುತ್ತಲೇ ಇರುವುದರಿಂದ ಅವನ್ನು ಬಾಯಿಪಾಠ ಮಾಡಿಸುವುದು ವ್ಯರ್ಥ. ಪ್ರತಿಯೊಬ್ಬರೂ ತಮ್ಮ ಊರಿನ ಒಂದು ಘಟಕಕ್ಕೆ ಯೋಜನಾ ವರದಿ ಬರೆಯಲಿ, ಸಹಾಯಧನವನ್ನು ಸೊನ್ನೆ ಎಂದಿಟ್ಟುಕೊಂಡು ಮೊದಲು ಲೆಕ್ಕ ಹಾಕಲಿ. ಸಹಾಯಧನ ಬಂದರೆ ಮಾತ್ರ ನಿಲ್ಲುವ ಉದ್ಯಮಕ್ಕೆ ಬ್ಯಾಂಕ್ ವ್ಯವಸ್ಥಾಪಕರು ಕೇಳುವ ಮೊದಲ ಪ್ರಶ್ನೆಯೇ ಮುಳುವಾಗುತ್ತದೆ.

ಇನ್ನು ಕೆಲಸದ ಕ್ಯಾಲೆಂಡರ್. ಮೆಣಸಿನಕಾಯಿಯ ಆವಕ ಜನವರಿಯಿಂದ ಮಾರ್ಚಿನ ತನಕ ಬಿರುಸಾಗಿರುವುದರಿಂದ, ಅಧ್ಯಾಪಕರು ಹಿಂದಿನ ಹಂಗಾಮಿನಲ್ಲೇ ಪೇಟೆ ವಾಸ ಮುಗಿಸಿರಬೇಕು, ಮುಂಗಾರಿನ ಸೆಮಿಸ್ಟರಿನಲ್ಲಿ ಆವರ್ತ ನಿಧಿಯ ಅನುಮತಿ ಮತ್ತು ಪಟ್ಟಿಗಳ ಸಂಗ್ರಹವನ್ನು ಮುಗಿಸಿಕೊಳ್ಳಬೇಕು. ಬೇಸಿಗೆಯ ಸೆಮಿಸ್ಟರಿನಲ್ಲಿ ಗುಂಪುಗಳು ಪೇಟೆಗೆ ಹೋಗಲಿ. ಬೇರೆ ಬೆಳೆಯಾದರೆ ಅದರ ಹಂಗಾಮಿಗೆ ತಕ್ಕಂತೆ ಹಿಂದುಮುಂದಾಗುತ್ತದೆ. ಮೊದಲ ವರ್ಷ ಎರಡನೆಯ ಹೆಜ್ಜೆಯಿಂದ ಐದನೆಯದರ ತನಕ ನಡೆದರೆ ಸಾಕು, ಕ್ಯಾಂಪಸ್ ಉದ್ಯಮ ಮತ್ತು ಉತ್ಪಾದಕ ಕಂಪನಿಯ ಕೆಲಸವನ್ನು ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳಬಹುದು. ವರ್ಷದ ಕೊನೆಗೆ ಗುಂಪುಗಳ ಲೆಕ್ಕ, ಧಾರಣೆಯ ನಕ್ಷೆ ಮತ್ತು ಪ್ರಕರಣಗಳನ್ನು ಒಂದೇ ಕಡತದಲ್ಲಿ ಕಟ್ಟಿ, ಪಟ್ಟಿ ಕೊಟ್ಟ ರೈತರಿಗೆ ಕನ್ನಡದಲ್ಲಿ ಎರಡು ಪುಟದ ಸಾರಾಂಶ ತಲುಪಿಸಬೇಕು, ಮುಂದಿನ ಬ್ಯಾಚಿನ ಮೊದಲ ಪ್ರಾಯೋಗಿಕ ತರಗತಿಯನ್ನು ಆ ಕಡತದಲ್ಲಿರುವ ತಪ್ಪುಗಳನ್ನು ಹುಡುಕುವುದಕ್ಕೆ ಮೀಸಲಿಡಬೇಕು.